ಯಜಮಾನ ಕೂರದ ದಿನ

ಹನ್ನೊಂದು ಗಂಟೆಗಾಗಲೇ ವಿತೊಮಿರನ ಎಡಗಾಲಿನ ಮೀನಖಂಡ ಹಿಡಿದುಕೊಳ್ಳಲು ಶುರುವಾಗಿತ್ತು. ಅತಿಥಿಗಳು ಇನ್ನೂ ಯಾರೂ ಬಂದಿರಲಿಲ್ಲ. ಪಾದ್ರಿ ಬೆಳಿಗ್ಗೆಯೇ ಬಂದು ಹಬ್ಬದ ರೊಟ್ಟಿಯನ್ನು ಶಿಲುಬೆಯ ಆಕಾರದಲ್ಲಿ ಕೊಯ್ದು, ಅದರ ಮೇಲೆ ಕೆಂಪು ವೈನ್ ಸುರಿದು, ತನಗೆ ಇನ್ನೂ ಅರ್ಧ ಊರು ಬಾಕಿ ಇದೆ ಎಂದು ಗೊಣಗುತ್ತ ಕೋಟು ಏರಿಸಿಕೊಂಡು ಹೋಗಿದ್ದ. ಮೇಜಿನ ನಡುವೆ ಜೇನುಮೇಣದ ಉದ್ದನೆಯ ಬತ್ತಿ ಉರಿಯುತ್ತಿತ್ತು. ಸಂಜೆಯವರೆಗೂ ಅದು ಉರಿಯಬೇಕು. ಅದು ಉರಿಯುವಷ್ಟು ಹೊತ್ತೂ ಮನೆಯ ಯಜಮಾನ ಕೂರಬಾರದು. ಸಂತ ನಿಕೊಲಾ ಈ ಮನೆತನದ ಸಂತ, ಈ ದಿನ ಅವನ ಹಬ್ಬ, ಸ್ಲಾವಾ, ಅವನ ದಿನದಲ್ಲಿ ಯಜಮಾನನೆಂದರೆ ಬಡಿಸುವ ಆಳು. ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳಬೇಕು, ಬೇಯಿಸಿದ ಸಿಹಿ ಗೋಧಿಯನ್ನು ಮುಂದೆ ಹಿಡಿಯಬೇಕು, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಹೊಯ್ಯಬೇಕು, ಲೋಟ ಖಾಲಿಯಾದದ್ದನ್ನು ಲೋಟದವನಿಗಿಂತ ಮೊದಲು ನೋಡಬೇಕು. ತನ್ನ ಮನೆಯಲ್ಲಿ ಎಲ್ಲರೂ ಕೂತು ತಿನ್ನುವಾಗ ತಾನೊಬ್ಬನೇ ನಿಂತಿರುವುದರಲ್ಲಿ ಒಂದು ಠೀವಿಯಿದೆ ಎಂದು ವಿತೊಮಿರ್ ಯೌವನದಲ್ಲಿ ಅಂದುಕೊಂಡಿದ್ದ. ಈಗ ಹೊಸಿಲಿನಿಂದ ಮೇಜಿಗೆ, ಮೇಜಿನಿಂದ ಹೊಸಿಲಿಗೆ ಒಮ್ಮೆ ಹೋಗಿ ಬಂದು ನೋಡಿದ. ಯಾರೋ ಕಾಲಿನೊಳಗೆ ಬಟ್ಟೆ ಹಿಂಡಿದ ಹಾಗಾಯಿತು. ಗೋಡೆಗೆ ಕೈಕೊಟ್ಟು ನಿಂತರೆ ನಿಧಾನವಾಗಿ ಬಿಡುತ್ತದೆ ಎಂದು ಗೊತ್ತಿತ್ತು. ನಿಂತ.

"ಏನದು, ಬಾಗಿಲ ಹತ್ರ ಕಂಬದ ಥರ ನಿಂತಿದೀಯ?" ಹೆಂಡತಿ ಕೊಸಾರಾ ಅಡುಗೆಮನೆಯಿಂದ ಕೂಗಿದಳು. "ಇನ್ನೂ ಒಂದು ನಾಯಿನೂ ಬಂದಿಲ್ಲ. ಹೋಗಿ ಸ್ವಲ್ಪ ಕೂತ್ಕೋ."

"ಬತ್ತಿ ಹಚ್ಚಿ ಆಯ್ತಲ್ಲ."

"ನಿಕೊಲಾ ಸ್ವಾಮಿ ಒಂದು ಗಳಿಗೆ ಆ ಕಡೆ ತಿರುಗ್ತಾನೆ ಬಿಡು. ಆ ಕಾಲು ಜೋಪಾನ ಮಾಡ್ಕೋ ಮಾರಾಯ. ವಸಂತಕ್ಕೆ ನನ್ನ ಕಿಡ್ನಿ ಹೊತ್ಕೊಂಡು ಓಡಾಡ್ಬೇಕಲ್ಲ, ಅದಕ್ಕೆ ಕುಂಟೋದು ಗೊತ್ತಿಲ್ಲ."

ಅವಳು ನಕ್ಕಿದ್ದು ಕೇಳಿಸಿತು, ಅದರ ಹಿಂದೆಯೇ ಕುಂಬಳಬೀಜವೊಂದನ್ನು ಹಲ್ಲಲ್ಲಿ ಒಡೆದ ಸದ್ದು. ಈಸ್ಟರ್ ಕಳೆದ ಮೇಲೆ ಅವಳು ಸಿಗರೇಟು ಬಿಟ್ಟಿದ್ದಳು. ಸೇದುವವರ ಕಿಡ್ನಿ ತೆಗೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದೇ ತಡ, ಮದುವೆಗೆ ಮುಂಚಿನಿಂದ ಸೇದುತ್ತಿದ್ದವಳು ಪೊಟ್ಟಣವನ್ನು ಒಲೆಗೆ ಹಾಕಿ, ಅಂದಿನಿಂದ ಬಾಯಲ್ಲಿ ಬೀಜ ಇಟ್ಟುಕೊಂಡು ತಿರುಗುತ್ತಿದ್ದಳು. ಜೇಬಿನಲ್ಲಿ, ದಿಂಬಿನ ಕೆಳಗೆ, ಕಾರಿನ ಸೀಟಿನ ಸಂದಿಯಲ್ಲಿ ಬರೀ ಬೀಜದ ಸಿಪ್ಪೆ. ದಿನಾ ಬೆಳಿಗ್ಗೆ ಶಾಲೆಯ ಮೈದಾನ ಸುತ್ತಿ ತೂಕ ಇಳಿಸಿದ್ದಳು. ಊರಿನವರು ಕೇಳಿದರೆ ಸೊಂಟ ತಟ್ಟಿ, "ಎಡಗಡೇದು ಅವನಿಗೆ, ಬಲಗಡೇದು ನನಗೆ, ಜಗಳ ಇಲ್ಲ," ಎನ್ನುತ್ತಿದ್ದಳು.

ಆ ಎಡಗಡೆಯದು ಬರುವುದಿಲ್ಲ ಎಂದು ವಿತೊಮಿರನಿಗೆ ಕಳೆದ ವಾರದಿಂದ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕಾದವನು ಅವನೇ, ಹೇಳಿರಲಿಲ್ಲ. ಹಬ್ಬ ಮುಗಿಯಲಿ ಎಂದುಕೊಂಡಿದ್ದ. ಹಬ್ಬದ ಮೇಲೆ ಕ್ರಿಸ್ಮಸ್ಸು, ಅದು ಮುಗಿಯಲಿ ಎಂದುಕೊಳ್ಳುತ್ತೇನೆ ಎಂಬುದೂ ಅವನಿಗೆ ಗೊತ್ತಿತ್ತು. ಅದನ್ನು ತಿಳಿಸಿದ ರಾಜಧಾನಿಯ ಆಸ್ಪತ್ರೆಯ ಸರ್ಜನ್ ಹೆಂಗಸಿಗೆ ಅಂದು ನೆಗಡಿಯಾಗಿತ್ತು. ಕರವಸ್ತ್ರವನ್ನು ತೋಳಿನೊಳಗೆ ಸಿಕ್ಕಿಸಿಕೊಂಡು ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನದೇ ಸೊಂಟದ ಮೂಳೆ, ತೊಡೆಯ ಮೂಳೆ, ಅವುಗಳ ಪಕ್ಕದಲ್ಲಿ ಸುಣ್ಣದ ಕಡ್ಡಿಯಲ್ಲಿ ಎಳೆದಂಥ ಜೋಡಿ ಗೆರೆಗಳು. "ಇದು ಮೂಳೆ ನೋಡೋ ಎಕ್ಸ್‌ರೇ. ಇದರಲ್ಲಿ ರಕ್ತನಾಳ ಕಾಣಿಸಬಾರದು. ನಿಮ್ಮದು ಕಾಣಿಸ್ತಿದೆ," ಎಂದಳು. ವಿತೊಮಿರನಿಗೆ ಅದನ್ನು ಎಲ್ಲಿ ನೋಡಿದ್ದೇನೆ ಎಂದು ಯೋಚಿಸಬೇಕಾಗಲಿಲ್ಲ. ಅವನು ಬದುಕಿಡೀ ಮಾಡಿದ್ದು ಬಚ್ಚಲುಮನೆಯ ಬಾಯ್ಲರ್ ರಿಪೇರಿ; ಗಡಸು ನೀರಿನ ಊರು ಅವರದು, ಯಾವ ಬಾಯ್ಲರ್ ಬಿಚ್ಚಿದರೂ ಒಳಗೆ ಕಾಯಿಸುವ ಸುರುಳಿಯ ಮೈಮೇಲೆ ಬೆರಳು ದಪ್ಪದ ಬಿಳಿ ಹಕ್ಕಳೆ. "ಕಿಡ್ನಿ ಒಳಗೆ ಇಟ್ಟುಬಿಟ್ಟರೆ ಆಗಲ್ಲ. ಅದರ ನಾಳ ನಿಮ್ಮ ನಾಳಕ್ಕೆ ಹೊಲೀಬೇಕು. ಎಲ್ಲಿ ಹೊಲಿಯಲಿ ಹೇಳಿ? ಸೂಜಿ ಇಳಿಯಲ್ಲ. ಚಿಮಟದಲ್ಲಿ ಹಿಡಿದರೆ ಮೊಟ್ಟೆ ಸಿಪ್ಪೆ ಥರ ಒಡೆಯುತ್ತೆ. ಎಡಕ್ಕೂ ನೋಡಿದೆ, ಬಲಕ್ಕೂ ನೋಡಿದೆ. ಜಾಗ ಇಲ್ಲ." ವಿತೊಮಿರ್ "ಕೆರೆದು ತೆಗೆಯೋಕೆ ಆಗಲ್ವಾ?" ಎಂದು ಕೇಳಿದ. ಅವನು ತಮಾಷೆ ಮಾಡಿದನೆಂದು ತಿಳಿದು ಅವಳು ನಕ್ಕಳು, ನಗುವಿನ ಮಧ್ಯೆ ಸೀನಿದಳು, ಅವನ ಮುಖ ನೋಡಿ "ಕ್ಷಮಿಸಿ" ಎಂದಳು. ಅವನೂ "ಕ್ಷಮಿಸಿ" ಎಂದ. ಯಾತಕ್ಕೆ ಎಂದು ಇವತ್ತಿಗೂ ತಿಳಿಯದು. ಕೊಸಾರಾ ಕೆಳಗಿನ ಮಹಡಿಯಲ್ಲಿ ಪರೀಕ್ಷೆಗೆಂದು ಇನ್ನೊಂದು ನಳಿಕೆ ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಕಾಯುತ್ತಿದ್ದಳು. "ಏನಂದ್ರು?" ಎಂದಳು. "ಹಬ್ಬ ಆದ್ಮೇಲೆ ತಿಳಿಸ್ತಾರಂತೆ," ಎಂದ. ಅವಳು ದಾರಿಯುದ್ದಕ್ಕೂ ಹಾಡು ಗುನುಗಿದಳು.

ಹಾಗೆ ಯಾಕೆ ಆಯಿತು ಎಂದೂ ಅವನು ಕೇಳಿದ್ದ. ಸರ್ಜನ್ ಬೆರಳು ಮಡಿಚಿದ್ದಳು: ಕಿಡ್ನಿ ಕೆಟ್ಟವರಿಗೆ ಇದು ಬರುವುದೇ, ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ವರ್ಷಗಳಾದವು, ರಕ್ತದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಹೆಚ್ಚು, ವಯಸ್ಸು ಬೇರೆ. "ಮಾತ್ರೆ ಊಟದ ಜೊತೆ ತಗೊಳ್ತಿದ್ರಿ ತಾನೇ?" ಎಂದು ಕೊನೆಗೆ, ಬಾಯಿಮಾತಿಗೆ ಕೇಳಿದಂತೆ ಕೇಳಿದಳು. ಹೌದು ಎಂದ. ಸೀಮೆಸುಣ್ಣದಂಥ ದಪ್ಪ ಬಿಳಿ ಮಾತ್ರೆಗಳು. ಊಟದ ನಡುವೆ ಅಗಿದು ನುಂಗಬೇಕು, ಅನ್ನಾಹಾರದಲ್ಲಿರುವ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುವುದು ಅವುಗಳ ಕೆಲಸ. ಹಿಡಿಯಲು ಏನೂ ಇಲ್ಲದಿದ್ದರೆ ಆ ಸುಣ್ಣ ನೇರ ರಕ್ತಕ್ಕೆ ಇಳಿಯುತ್ತದೆ. ಡಯಾಲಿಸಿಸ್ಸಿನ ನರ್ಸು ಇದನ್ನು ಮೊದಲ ದಿನವೇ ಹೇಳಿದ್ದಳು, ಅವನು ತಲೆಯಾಡಿಸಿದ್ದ. ಆದರೆ ಅವನು ಬೆಳೆದ ಮನೆಯಲ್ಲಿ ಮೈಗೆ ಒಳ್ಳೆಯದಾಗುವುದನ್ನೆಲ್ಲ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಕು. ಇಗರ್ಜಿಯ ಪ್ರಸಾದದ ರೊಟ್ಟಿಯ ತುಣುಕು ಖಾಲಿ ಹೊಟ್ಟೆಗೆ, ಮಂತ್ರಿಸಿದ ನೀರು ಖಾಲಿ ಹೊಟ್ಟೆಗೆ, ಜೇನು ಖಾಲಿ ಹೊಟ್ಟೆಗೆ, ಗಂಡಸರಿಗೆ ರಾಕಿಯಾ ಕೂಡ ಖಾಲಿ ಹೊಟ್ಟೆಗೇ. ಬೇರೆ ಏನಾದರೂ ತಿಂದ ಮೇಲೆ ತೆಗೆದುಕೊಂಡರೆ ಅದು ಬರೀ ತಿಂಡಿ. ಉಪವಾಸದ ವಾರಗಳಲ್ಲಂತೂ ಅವನು ಮಧ್ಯಾಹ್ನದವರೆಗೆ ನೀರೂ ಮುಟ್ಟದೆ, ಎದ್ದ ಕೂಡಲೆ ನಿಕೊಲಾ ಸಂತನ ಪಟದ ಎದುರು ನಿಂತು, ಶಿಲುಬೆ ಹಾಕಿಕೊಂಡು, ಇಡೀ ದಿನದ ಮಾತ್ರೆಗಳನ್ನು ಒಂದೊಂದಾಗಿ ನಾಲಿಗೆಯ ಮೇಲೆ ಕರಗಿಸಿಕೊಳ್ಳುತ್ತಿದ್ದ. ಅದರಲ್ಲಿ ಭಕ್ತಿ ಇತ್ತು, ತಾನು ಶಿಸ್ತಿನ ರೋಗಿ ಎಂಬ ಜಂಬವೂ ಇತ್ತು. ನಾಳಗಳು ಅದರಿಂದಲೇ ಗಟ್ಟಿಯಾದವು ಎಂದು ಯಾರೂ ಹೇಳಿರಲಿಲ್ಲ. ಆದರೆ ಮನಸ್ಸು ಇದ್ದಬದ್ದ ಕಾರಣಗಳನ್ನೆಲ್ಲ ಬಿಟ್ಟು ತನ್ನ ಕೈಯಿಂದಾದ ಒಂದನ್ನೇ ಹಿಡಿದುಕೊಂಡಿತ್ತು.

ಯಾರೋ ಬಾಗಿಲು ಬಡಿದರು. ತಮ್ಮ ಸ್ತಾನಿಮಿರ್, ಅವನ ಹಿಂದೆ ಸೋದರತ್ತೆ ಪೆರ್ಸಿದಾ, ಅವಳ ಹಿಂದೆ ಬೊರಿವೊಯ್. ಬೊರಿವೊಯ್ ಈ ಮನೆಯ ಕುಮ್, ಇವರ ಮದುವೆಯಲ್ಲಿ ಇವರ ತಲೆಯ ಮೇಲೆ ಕಿರೀಟ ಹಿಡಿದವನು. ರಕ್ತದ ನಂಟಿಗಿಂತ ದೊಡ್ಡ ನಂಟು, ಆದ್ದರಿಂದ ಅವನ ತಮಾಷೆಗಳನ್ನು ಸಹಿಸಿಕೊಳ್ಳಬೇಕು. ಕೆನ್ನೆಗೆ ಮೂರು ಸಲ ಮುತ್ತು, ಹೊರಗಿನ ಚಳಿ, ಕೋಟುಗಳ ಒದ್ದೆ ಉಣ್ಣೆಯ ವಾಸನೆ. ವಿತೊಮಿರ್ ಗೋಧಿಯ ತಟ್ಟೆ ಹಿಡಿದ. ಒಬ್ಬೊಬ್ಬರೂ ಶಿಲುಬೆ ಹಾಕಿಕೊಂಡು ಒಂದೊಂದು ಚಮಚ ತಿಂದರು. ಈ ನದಿ ದಂಡೆಯ ಹಳ್ಳಿಗಳಲ್ಲಿ ಮನೆಮನೆಗೂ ಕಿಡ್ನಿ ರೋಗ ಬಂದದ್ದು ಹಿಂದಿನವರು ತಿಂದ ಗೋಧಿಯಿಂದಲೇ ಎಂದು ಈಗ ಡಾಕ್ಟರುಗಳು ಹೇಳುತ್ತಾರೆ. ಹೊಲದಲ್ಲಿ ಬೆಳೆಯುತ್ತಿದ್ದ ಒಂದು ಕಳೆಯ ಬೀಜ ಕಾಳಿನ ಜೊತೆ ಬೀಸಿ ಹೋಗುತ್ತಿತ್ತಂತೆ. ಅಪ್ಪ ಅದರಲ್ಲೇ ಹೋದ, ಚಿಕ್ಕಪ್ಪ ಅದರಲ್ಲೇ, ಸ್ತಾನಿಮಿರನ ರಕ್ತದಲ್ಲೂ ಅದರ ಗುರುತು ಕಾಣಿಸಿಕೊಂಡಿತ್ತು, ಆದ್ದರಿಂದ ಅವನ ಕಿಡ್ನಿ ಯಾರಿಗೂ ಬೇಡ. ಕೊಸಾರಾ ಗುಡ್ಡದ ಮೇಲಿನ ಊರಿನವಳು, ಅಲ್ಲಿ ಆ ರೋಗವಿಲ್ಲ. ಅವಳನ್ನು ತಿರುಗಿಸಿ ಮುರುಗಿಸಿ ಪರೀಕ್ಷೆ ಮಾಡಿ, ಕಿಡ್ನಿ ಹೊಸದರಂತಿದೆ ಎಂದಿದ್ದರು.

"ಯಾಕೋ ಹೀಗೆ ಬೆವರ್ತಿದೀಯ?" ಪೆರ್ಸಿದಾ ಅತ್ತೆ ಅವನ ಕೈಯಿಂದ ಲೋಟ ತೆಗೆದುಕೊಳ್ಳುತ್ತ ಮುಖವನ್ನೇ ನೋಡಿದಳು. "ಹೊರಗೆ ನೋಡಿದ್ರೆ ನೀರು ಹೆಪ್ಪುಗಟ್ಟಿದೆ, ಇವನು ಬೆವರ್ತಾನೆ."

"ಒಲೆ ಜಾಸ್ತಿ ಉರೀತಿದೆ ಅತ್ತೆ."

"ನಿಮ್ಮಪ್ಪನೂ ಹೀಗೇ ಅಂತಿದ್ದ. ಯಾವಾಗ ಕೇಳಿದ್ರೂ ಒಲೆ, ಒಲೆ."

ಹುರಿದ ಮೀನು, ಒಲೆಯಲ್ಲಿ ಬೇಯಿಸಿದ ಕಾಳು, ಉಪ್ಪಿನಲ್ಲಿ ಹಾಕಿದ ಎಲೆಕೋಸು. ಉಪವಾಸದ ಕಾಲದಲ್ಲಿ ಬರುವ ಹಬ್ಬ, ಮಾಂಸವಿಲ್ಲ, ಹಾಲಿಲ್ಲ. ವಿತೊಮಿರ್ ಅಡುಗೆಮನೆಯಿಂದ ತಟ್ಟೆ ತಂದಿಟ್ಟ, ಮತ್ತೆ ಹೋದ, ಮತ್ತೆ ತಂದಿಟ್ಟ. ಪ್ರತಿ ಸಲವೂ ಬಾಗಿಲ ಚೌಕಟ್ಟಿನ ಹತ್ತಿರ ಏನೋ ನೆನಪಾದವನ ಹಾಗೆ ನಿಲ್ಲುತ್ತಿದ್ದ. ಕಾಲು ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಅಡುಗೆಮನೆಯಲ್ಲಿ ಕೊಸಾರಾ ಅವನ ಕೈಗೆ ತಟ್ಟೆ ಕೊಡುವಾಗ ಒಮ್ಮೆ ಅವನ ಅಂಗಿಯ ಕಾಲರು ಸರಿ ಮಾಡಿದಳು. ಅಷ್ಟು ಮಾಡಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ರೋಗ ಬರುವುದಕ್ಕೆ ಮುಂಚೆ ಅವರಿಬ್ಬರೂ ಎಷ್ಟೋ ವರ್ಷ ಒಂದೇ ಮನೆಯ ಇಬ್ಬರು ಬಾಡಿಗೆದಾರರ ಹಾಗೆ ಇದ್ದರು. ಜಗಳವೂ ಇರಲಿಲ್ಲ. ಅವಳು ಬಾಲ್ಕನಿಯಲ್ಲಿ ಸಿಗರೇಟು ಸೇದುತ್ತಿದ್ದಳು, ಅವನು ಒಳಗೆ ಟಿವಿ ನೋಡುತ್ತಿದ್ದ, ಉಪ್ಪು ಎಲ್ಲಿದೆ, ಕೀಲಿ ಎಲ್ಲಿದೆ ಎಂಬುದಕ್ಕಿಂತ ಹೆಚ್ಚಿನ ಮಾತು ಬೇಕಾಗಿರಲಿಲ್ಲ. ತನ್ನ ಕಿಡ್ನಿ ಕೊಡುತ್ತೇನೆ ಎಂದು ಹೇಳಿದ ದಿನದಿಂದ ಅವಳು ಅವನೊಡನೆ ಮಾತಾಡತೊಡಗಿದ್ದಳು. ಛೇಡಿಸುತ್ತಿದ್ದಳು, ಬೈಯುತ್ತಿದ್ದಳು, ರಾತ್ರಿ ಅವನ ಹೊಟ್ಟೆಯ ಬಲಭಾಗದ ಕೆಳಗೆ ಕೈಯಿಟ್ಟು "ಇಲ್ಲಿ ಕೂರಿಸ್ತಾರಂತೆ" ಎನ್ನುತ್ತಿದ್ದಳು. ಹೇಳದೆ ಇದ್ದದ್ದು ಅವಳಿಗೆ ನೋವಾಗುತ್ತದೆಂದಲ್ಲ ಎಂದು ವಿತೊಮಿರನಿಗೆ ಆಗ, ಮೀನಿನ ತಟ್ಟೆ ಹಿಡಿದು ನಿಂತಾಗ, ಸ್ಪಷ್ಟವಾಯಿತು. ಕೊಡುವುದಕ್ಕೆ ಏನೂ ಇಲ್ಲದ ಮೇಲೆ ಅವಳು ಮತ್ತೆ ಬಾಲ್ಕನಿಗೆ ಹೋಗುತ್ತಾಳೆ ಎಂದು ಅವನಿಗೆ ಭಯ.

"ಕೊಸಾರಾ! ಬಾ ಇಲ್ಲಿ, ಹೊರಗೆ ಬಾ!" ಬೊರಿವೊಯ್ ಲೋಟ ಎತ್ತಿಕೊಂಡು ಎದ್ದು ನಿಂತಿದ್ದ. ಮುಖ ಆಗಲೇ ಕೆಂಪಾಗಿತ್ತು. "ಎಲ್ಲರೂ ಏಳ್ರಿ. ಸಂತನಿಗೆ ಕುಡಿದಾಯ್ತು, ಈಗ ಕಿಡ್ನಿಗೆ."

"ಥೂ, ಹಬ್ಬದ ದಿನ ಎಂಥ ಮಾತು," ಎಂದಳು ಪೆರ್ಸಿದಾ, ಆದರೆ ಎದ್ದಳು.

ಕೊಸಾರಾ ಕೈ ಒರೆಸಿಕೊಳ್ಳುತ್ತ ಬಂದು ಅಡುಗೆಮನೆಯ ಹೊಸಿಲಲ್ಲಿ ನಿಂತಳು. ಹೊಸ ಕುಪ್ಪಸ, ಇಳಿದ ಕೆನ್ನೆ. ಸ್ತಾನಿಮಿರ್ ಅವಳ ಕೈಗೂ ಒಂದು ಲೋಟ ಕೊಡಹೋದ.

"ನನಗೆ ನೀರು ಕೊಡಪ್ಪ. ನಾನು ಅದನ್ನ ಚೊಕ್ಕ ಇಟ್ಟಿದೀನಿ, ಮದುಮಗಳ ಥರ."

"ಕೇಳಿದ್ರಾ?" ಎಂದ ಬೊರಿವೊಯ್. "ನಾನು ಹೇಳ್ತೀನಿ ಬರೆದಿಟ್ಕೊಳ್ಳಿ, ಇವಳ ಕಿಡ್ನಿ ಒಳಗೆ ಹೋದ ಮೇಲೆ ನಮ್ಮ ವಿತೊ ಮಾತಾಡೋಕೆ ಶುರು ಮಾಡ್ತಾನೆ. ನಿಲ್ಲಿಸೋದೇ ಇಲ್ಲ. ಬಾಯ್ಲರ್ ರಿಪೇರಿಗೆ ಕರೆದ ಹೆಂಗಸರೆಲ್ಲ ತಣ್ಣೀರಲ್ಲೇ ಸ್ನಾನ ಮಾಡ್ತೀವಿ ಅಂತ ಓಡ್ಹೋಗ್ತಾರೆ."

ಎಲ್ಲರೂ ನಕ್ಕರು. ಕೊಸಾರಾ ಎಲ್ಲರಿಗಿಂತ ಜೋರಾಗಿ ನಕ್ಕಳು. "ಅಣ್ಣ, ದಿನ ಗೊತ್ತಾದ ಕೂಡಲೆ ನನಗೆ ಹೇಳು," ಎಂದ ಸ್ತಾನಿಮಿರ್. "ಕಾರು ನಾನು ತರ್ತೀನಿ. ಅತ್ತಿಗೇನ ಬಸ್ಸಲ್ಲಿ ಕಳಿಸೋದಲ್ಲ." ತನ್ನಿಂದ ಕೊಡಲಾಗಲಿಲ್ಲ ಎಂಬ ಸಂಕೋಚ ಅವನ ದನಿಯಲ್ಲಿತ್ತು. ವಿತೊಮಿರ್ ತನ್ನ ಲೋಟಕ್ಕೆ ತುಟಿ ತಾಗಿಸಿದ. ಅವನು ಕುಡಿಯುವಂತಿರಲಿಲ್ಲ, ನೀರೂ ಅಳತೆಯಲ್ಲೇ. ಅವರೆಲ್ಲ ಕುಡಿದು ಕೂತರು, ಕೊಸಾರಾ ಒಳಗೆ ಹೋದಳು, ಅವನು ಖಾಲಿ ಲೋಟಗಳನ್ನು ತುಂಬಲು ಮೇಜಿನ ಸುತ್ತ ಹೊರಟ. ಎರಡನೆಯ ಲೋಟಕ್ಕೆ ಹೊಯ್ಯುವಾಗ ಕಾಲು ಪೂರ್ತಿ ಹಿಡಿಯಿತು. ರಾಕಿಯಾ ಪೆರ್ಸಿದಾಳ ಮುಂದಿನ ಮೇಜುಬಟ್ಟೆಯ ಮೇಲೆ ಚೆಲ್ಲಿತು. ಅವಳು ತನ್ನ ಕರವಸ್ತ್ರದಿಂದ ಒರೆಸಿದಳು. ಅದಕ್ಕೆ ಅವನಿಗೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಸೀಸೆಯನ್ನು ಇಟ್ಟು, ಇನ್ನೊಂದು ತರುವವನಂತೆ, ಅಡುಗೆಮನೆಯ ಬಾಗಿಲ ಈಚೆಬದಿಯ ಮೂಲೆಗೆ ಸರಿದ. ಅಲ್ಲಿ ಚೌಕಟ್ಟಿನಲ್ಲಿ ದೊಡ್ಡದೊಂದು ಮೊಳೆಯಿತ್ತು. ಮನೆಗೆ ಬಣ್ಣ ಬಳಿದಾಗಲೆಲ್ಲ ಅದಕ್ಕೂ ಬಳಿದು ಬಳಿದು ಅದು ಗುಂಡಿಯಂತೆ ಉಬ್ಬಿತ್ತು. ಅಪ್ಪ ತನ್ನ ಕೊನೆಯ ಸ್ಲಾವಾದಲ್ಲಿ, ರೋಗಕ್ಕೆ ಮುಖವೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದಾಗ, ಸೊಂಟಪಟ್ಟಿಯನ್ನು ಹಿಂದಿನಿಂದ ಈ ಮೊಳೆಗೆ ಸಿಕ್ಕಿಸಿಕೊಂಡು ನಿಂತಿದ್ದ. ಸಂಜೆಯವರೆಗೂ ನಿಂತಿದ್ದ. ಯಜಮಾನ ಗಟ್ಟಿ ಆಳು ಎಂದು ಅತಿಥಿಗಳು ಹೇಳಿಕೊಂಡು ಹೋದರು. ಮೇಜಿನ ಕೆಳಗೆ ಆಡುತ್ತಿದ್ದ ವಿತೊಮಿರ್ ಮಾತ್ರ ಅಪ್ಪನ ಹಿಮ್ಮಡಿ ನೆಲ ಮುಟ್ಟದಿದ್ದದ್ದನ್ನು ಕಂಡಿದ್ದ. ಅಪ್ಪ ಅವನ ಕಡೆ ನೋಡಿ ಕಣ್ಣು ಮಿಟುಕಿಸಿದ್ದ. ಈಗ ವಿತೊಮಿರ್ ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಮಾಡಿ ಸೊಂಟಪಟ್ಟಿಯನ್ನು ಎತ್ತಿ, ಮೊಳೆಗೆ ಸಿಕ್ಕಿಸಿದ. ಅಷ್ಟು ಸುಲಭ. ಮೈಭಾರ ಕಾಲಿನಿಂದ ಇಳಿಯಿತು, ನೋವು ಕಡಿಮೆಯಾಯಿತು. ಮೇಜಿನಲ್ಲಿ ಬೊರಿವೊಯ್ ಇನ್ನೇನೋ ಹೇಳುತ್ತಿದ್ದ, ಇಲ್ಲಿಂದ ಎಲ್ಲರ ಲೋಟಗಳೂ ಕಾಣುತ್ತಿದ್ದವು, ಹೀಗೆಯೇ ಸಂಜೆಯಾಗಬಹುದು, ಕ್ರಿಸ್ಮಸ್ಸೂ ಆಗಬಹುದು. ಅಪ್ಪನನ್ನು ಹೂತು ಬಂದ ದಿನ ಆ ಮೊಳೆಯ ವಿಷಯವನ್ನು ಅವನು ಅಮ್ಮನಿಗೆ ಹೇಳಿದ್ದ, ಅಪ್ಪ ಎಷ್ಟು ಜಾಣ ಎಂದು ತಿಳಿಯಲೆಂದು. ಅಮ್ಮ ಅಳಲಿಲ್ಲ. "ನಾನು ಒಳಗೆ ನಿಂತು ಮೀನು ಹುರೀತಿದ್ದೆ," ಎಂದಳು. "ಗೋಡೆ ಈಚೆ ಅವನು ಕೋಟು ನೇತುಹಾಕಿದ ಹಾಗೆ ನೇತಾಡ್ತಿದ್ದ. ನನಗೆ ಒಂದು ಮಾತು ಹೇಳಲಿಲ್ಲ." ಆಮೇಲೆ ಬದುಕಿದಷ್ಟು ಕಾಲವೂ ಅವಳು ಅಪ್ಪನ ಬಗ್ಗೆ ಹೇಳಿದ್ದು ಅದೊಂದೇ.

ಗೋಡೆಯ ಆಚೆ ಎಣ್ಣೆ ಚಟಪಟಿಸುತ್ತಿತ್ತು. ಕೊಸಾರಾ ಗುನುಗುತ್ತಿದ್ದಳು, ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲಿ ಗುನುಗಿದ್ದ ಅದೇ ಹಾಡು.

ವಿತೊಮಿರ್ ಸೊಂಟಪಟ್ಟಿಯನ್ನು ಬಿಡಿಸಿಕೊಂಡ. ಅದು ಸಿಕ್ಕಿಸಿದಷ್ಟು ಸುಲಭವಾಗಿ ಬಿಡಲಿಲ್ಲ. ಬಣ್ಣದ ಚಕ್ಕೆಯೊಂದು ಕಿತ್ತು ನೆಲಕ್ಕೆ ಬಿತ್ತು. ಕುಂಟುತ್ತ ಮೇಜಿನ ಹತ್ತಿರ ಬಂದು, ಬೊರಿವೊಯ್ ಮತ್ತು ಪೆರ್ಸಿದಾರ ನಡುವಿದ್ದ ಖಾಲಿ ಕುರ್ಚಿಯನ್ನು ಎಳೆದು, ಕೂತ.

ಬೊರಿವೊಯ್ ಮಾತು ನಿಲ್ಲಿಸಿದ. ಸ್ತಾನಿಮಿರ್ ಅಣ್ಣನನ್ನು ನೋಡಿ, ಬತ್ತಿಯನ್ನು ನೋಡಿ, ಮತ್ತೆ ಅಣ್ಣನನ್ನು ನೋಡಿದ.

"ವಿತೊ," ಪೆರ್ಸಿದಾ ತಗ್ಗಿದ ದನಿಯಲ್ಲಿ, ಮಗುವಿಗೆ ಹೇಳುವಂತೆ ಹೇಳಿದಳು. "ಏಳೋ. ಬತ್ತಿ ಉರೀತಿದೆ. ಏಳು ಕಂದ."

"ಆಗಲ್ಲ ಅತ್ತೆ."

"ಒಂದು ನಿಮಿಷ ಗೋಡೆ ಹಿಡ್ಕೊಂಡಾದ್ರೂ ನಿಂತ್ಕೋ."

"ಇಲ್ಲ. ಕೂರ್ತೀನಿ."

ಕೊಸಾರಾ ಹೊಸ ಮೀನಿನ ತಟ್ಟೆ ಹಿಡಿದು ಬಂದಳು. ಏನೋ ಹೇಳಲು ಬಾಯಿ ತೆರೆದಿದ್ದವಳು ಹಾಗೇ ನಿಂತಳು. ಇಷ್ಟು ವರ್ಷ ಈ ಮನೆಯಲ್ಲಿ ಈ ದಿನ ಅವನು ಕೂತದ್ದನ್ನು ಅವಳು ಕಂಡಿರಲಿಲ್ಲ. ಜ್ವರದಲ್ಲೂ ಇಲ್ಲ, ಡಯಾಲಿಸಿಸ್ ಮಾರನೆಯ ದಿನವೂ ಇಲ್ಲ. ಅವಳು ಅವನ ಕಾಲನ್ನು ನೋಡಲಿಲ್ಲ, ಮುಖವನ್ನೇ ನೋಡಿದಳು.

"ಯಾವಾಗ ಹೇಳಿದ್ರು?" ಎಂದಳು.

"ಅವತ್ತೇ. ನೀನು ಕೆಳಗೆ ಇದ್ದಾಗ."

"ಏನಂದ್ರು?"

"ಹೊಲಿಯೋಕೆ ಜಾಗ ಇಲ್ವಂತೆ. ನಾಳ ಎಲ್ಲ ಗಟ್ಟಿಯಾಗಿದೆ. ಯಾರದ್ದು ತಂದ್ರೂ ಅಷ್ಟೇ, ನಿಂದಂತ ಅಲ್ಲ." ಆಮೇಲೆ, "ಮಾತ್ರೆ ನಾನು ಖಾಲಿ ಹೊಟ್ಟೆಗೆ ತಗೊಳ್ತಿದ್ದೆ," ಎಂದ. ಕೋಣೆಯಲ್ಲಿ ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ.

ಕೊಸಾರಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಬೊರಿವೊಯ್‌ನ ಲೋಟದ ಪಕ್ಕದಲ್ಲಿದ್ದ ಸಿಗರೇಟಿನ ಪೊಟ್ಟಣವನ್ನು ಕೇಳದೆ ಎತ್ತಿಕೊಂಡು, ಒಂದನ್ನು ತೆಗೆದು, ಒಲೆಯ ಬಾಗಿಲು ತೆರೆದು ಬಗ್ಗಿ ಹಚ್ಚಿಕೊಂಡಳು. ಮೊದಲ ಹೊಗೆಗೆ ಕೆಮ್ಮು ಬಂತು, ಎರಡನೆಯದಕ್ಕೆ ಬರಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಎಳೆದುಕೊಂಡಳು. ಅವಳು ಈಗ ಬಾಲ್ಕನಿಗೆ ಹೋಗುತ್ತಾಳೆ ಎಂದುಕೊಂಡು ವಿತೊಮಿರ್ ತನ್ನ ಕೈಗಳನ್ನು ನೋಡುತ್ತ ಕೂತ. ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು. ಕೊಸಾರಾ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಈ ದಿನ ಮನೆಯೊಡತಿಯೂ ಕೂರುವುದಿಲ್ಲ. ಅವಳು ಸಿಗರೇಟನ್ನು ತುಟಿಯಲ್ಲಿ ಕಚ್ಚಿಕೊಂಡು, ಹೊಗೆಗೆ ಒಂದು ಕಣ್ಣು ಕಿರಿದು ಮಾಡಿ, ದೊಡ್ಡ ಮೀನೊಂದನ್ನು ತಟ್ಟೆಗೆ ಹಾಕಿ ಮುಳ್ಳು ಬಿಡಿಸತೊಡಗಿದಳು. ಬಿಡಿಸಿ ಮುಗಿಸಿ ತಟ್ಟೆಯನ್ನು ಅವನ ಮುಂದೆ ತಳ್ಳಿ, ಅವನ ಅಂಗಿಯ ಜೇಬಿಗೆ ಕೈಹಾಕಿ ಮಾತ್ರೆ ತೆಗೆದು ತಟ್ಟೆಯ ಅಂಚಿಗಿಟ್ಟಳು.

"ತಿನ್ನು," ಎಂದಳು. "ಅರ್ಧ ತಿಂದ ಮೇಲೆ ಅದನ್ನ ತಗೋ. ಕತ್ತೆ."

ವಿತೊಮಿರ್ ತಿಂದ. ನಡುವೆ ಮಾತ್ರೆ ಅಗಿದ. ಬಾಯೆಲ್ಲ ಸುಣ್ಣ, ಅದರ ಮೇಲೆ ಮೀನು. ಅವನಿಗೆ ಅಳು ಬರುತ್ತಿತ್ತು, ಹಸಿವೂ ಆಗಿತ್ತು. ಹೊರಗೆ ಯಾರೋ ಬೂಟಿನ ಹಿಮ ಒದರಿ ಬಾಗಿಲು ಬಡಿದರು. ಸ್ತಾನಿಮಿರ್ ಅಣ್ಣನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಬಾಗಿಲು ಮತ್ತೆ ಬಡಿದರು. ಇಬ್ಬರೂ ಏಳಲಿಲ್ಲ.